ಕೋಲಾರದ ಕೆ.ವಿ. ಅಯ್ಯರ್: ಅಜ್ಜನ ಕಾಲದಲ್ಲಿ ಯಾರೂ ವ್ಯಾಯಾಮ ಮಾಡುತ್ತಿರಲಿಲ್ಲವೇ?

ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಈ ಸಂದೇಶ ಬಂದಿರಬಹುದು. ನಮ್ಮ ಅಜ್ಜ ಅಜ್ಜಿ ಜಿಮ್ ಕಂಡವರಲ್ಲ, ವಾಕಿಂಗ್ ಹೋದವರಲ್ಲ, ಮುದ್ದೆ ತಿಂದು ನೂರು ವರ್ಷ ಗಟ್ಟಿಯಾಗಿ ಬಾಳಿದರು. ವ್ಯಾಯಾಮ ಎಂಬುದು ಈಗಿನ ದುಡ್ಡಿದ್ದವರ ಶೋಕಿ ಎಂಬುದು ಅದರ ಸಾರ. ಓದಲು ಹಿತವಾಗಿದೆ. ಆದ್ದರಿಂದಲೇ ಎಲ್ಲರೂ ಮುಂದಕ್ಕೆ ಕಳಿಸುತ್ತಾರೆ. ಆದರೆ ಇದರಲ್ಲಿ ನಿಜ ಎಷ್ಟು?

ಮೊದಲು ಆಯಸ್ಸಿನ ಮಾತು. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. ಎಳೆಮಕ್ಕಳ ಸಾವು, ಹೆರಿಗೆಯಲ್ಲಿ ತಾಯಂದಿರ ಸಾವು, ಕಾಲರಾ, ಮಲೇರಿಯಾ, ಕ್ಷಯ ಇವೆಲ್ಲ ಸೇರಿ ಆ ಸರಾಸರಿಯನ್ನು ಅಷ್ಟು ಕೆಳಕ್ಕೆ ಎಳೆದಿದ್ದವು. ನಮಗೆ ನೆನಪಿರುವುದು ಬದುಕುಳಿದ ಗಟ್ಟಿ ಅಜ್ಜಿ ಮಾತ್ರ. ಬೇಗ ಹೋದ ಅವರ ಅಣ್ಣ ತಮ್ಮಂದಿರ ಫೋಟೊ ಕೂಡ ಮನೆಯಲ್ಲಿ ಇರುವುದಿಲ್ಲ.

ಇನ್ನು ವ್ಯಾಯಾಮದ ಮಾತು. ಅದು ಹೊಸ ಶೋಕಿ ಅಲ್ಲ ಎನ್ನುವುದಕ್ಕೆ ದೂರದ ಉದಾಹರಣೆ ಬೇಡ. ನಮ್ಮ ಕೋಲಾರ ಜಿಲ್ಲೆಯಲ್ಲೇ ಹುಟ್ಟಿ, ಸುಮಾರು ನೂರು ವರ್ಷದ ಹಿಂದೆಯೇ ಅಂಗಸಾಧನೆಯನ್ನು ಜೀವನದ ಕೆಲಸವಾಗಿ ಮಾಡಿಕೊಂಡ ಒಬ್ಬರು ಇದ್ದಾರೆ. ಅವರೇ ಕೆ.ವಿ. ಅಯ್ಯರ್. ‘ಶಾಂತಲಾ’ ಕಾದಂಬರಿ ಬರೆದವರು ಎಂದು ಹಲವರಿಗೆ ಗೊತ್ತು. ಅದೇ ವ್ಯಕ್ತಿ ತಮ್ಮ ಕಾಲದಲ್ಲಿ ದೇಶವಿದೇಶಕ್ಕೆ ಪರಿಚಯವಾಗಿದ್ದ ದೇಹದಾರ್ಢ್ಯ ಪಟು ಎಂಬುದು ಕೆಲವರಿಗಷ್ಟೇ ಗೊತ್ತು.

ಆಂಡರ್ಸನ್‌ಪೇಟೆಯ ಎರಡು ತಲೆಮಾರು

ಅಯ್ಯರ್ ಅವರ ಕಥೆಗೆ ಹೋಗುವ ಮುನ್ನ ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಯಾವುದೇ ಒಂದು ಮನೆಯನ್ನು ನೆನಪು ಮಾಡಿಕೊಳ್ಳಿ. ತಾತ ಚಿನ್ನದ ಗಣಿಯಲ್ಲಿ ದುಡಿದವರು. ಚಾಂಪಿಯನ್ ರೀಫ್ ಗಣಿ ನೆಲದಿಂದ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಸೆಖೆಯಲ್ಲಿ ಬಂಡೆ ಕೊರೆಯುವುದು ಸಾಮಾನ್ಯ ಶ್ರಮವಲ್ಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಈಗ ಮೊಮ್ಮಗ ನಸುಕಿನಲ್ಲೇ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ. ಹೋಗಲು ಸುಮಾರು ಎರಡು ಗಂಟೆ, ಬರಲು ಎರಡು ಗಂಟೆ, ನಡುವೆ ಕುರ್ಚಿಯಲ್ಲಿ ಎಂಟು ಗಂಟೆ. ತಾತನಿಗೆ ಬೆವರು ಇಳಿಯುತ್ತಿತ್ತು, ಮೊಮ್ಮಗನಿಗೆ ಬೆನ್ನು ನೋಯುತ್ತದೆ.

ಹಾಗಾದರೆ ತಾತನ ಬದುಕೇ ಆರೋಗ್ಯವಾಗಿತ್ತು ಎನ್ನಬಹುದೇ? ಅದೂ ಸರಿಯಲ್ಲ. ಗಣಿಯ ಕಲ್ಲುದೂಳು ಎಷ್ಟೋ ಕಾರ್ಮಿಕರ ಶ್ವಾಸಕೋಶವನ್ನು ಸಿಲಿಕೋಸಿಸ್ ಎಂಬ ಕಾಯಿಲೆಯಿಂದ ಹಾಳು ಮಾಡಿತು. ಹೊಟ್ಟೆಪಾಡಿಗಾಗಿ ದೇಹ ಸವೆಸುವುದು ಬೇರೆ, ದೇಹವನ್ನು ಕಾಪಾಡಿಕೊಳ್ಳಲು ಅಳತೆಯಲ್ಲಿ ದುಡಿಸುವುದು ಬೇರೆ. ಮೊದಲನೆಯದರಲ್ಲಿ ವಿಶ್ರಾಂತಿ, ಗಾಳಿ, ಭಾರ ಯಾವುದೂ ನಮ್ಮ ಕೈಯಲ್ಲಿರುವುದಿಲ್ಲ. ಎರಡನೆಯದರಲ್ಲಿ ಎಲ್ಲವೂ ನಮ್ಮ ಕೈಯಲ್ಲಿರುತ್ತದೆ. ಅಯ್ಯರ್ ಬದುಕಿಡೀ ಕಲಿಸಿದ್ದು ಈ ಎರಡನೆಯದನ್ನು.

ದೇವರಾಯಸಮುದ್ರದಿಂದ ಬೆಂಗಳೂರಿಗೆ

ಕೋಲಾರ ವೆಂಕಟೇಶ ಅಯ್ಯರ್ ಹುಟ್ಟಿದ್ದು 19ನೇ ಶತಮಾನದ ಕೊನೆಯ ವರ್ಷಗಳಲ್ಲಿ, ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ. ಅದು ದೇಶದ ತುಂಬ ಅಂಗಸಾಧನೆಯ ಗಾಳಿ ಬೀಸುತ್ತಿದ್ದ ಕಾಲ. ಯುಜೀನ್ ಸ್ಯಾಂಡೋ ಎಂಬ ಯುರೋಪಿನ ಬಲಶಾಲಿ 1904-05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟಿದ್ದ. ಆಂಧ್ರದ ಕೋಡಿ ರಾಮಮೂರ್ತಿ ಎದೆಯ ಮೇಲೆ ಆನೆ ಹತ್ತಿಸಿಕೊಂಡು, ಕಬ್ಬಿಣದ ಸರಪಳಿ ಹರಿದು ಜನರನ್ನು ಬೆರಗುಗೊಳಿಸುತ್ತಿದ್ದರು. ಭಾರತೀಯರು ದುರ್ಬಲರು ಎಂಬ ಬ್ರಿಟಿಷರ ಮಾತಿಗೆ ಉತ್ತರ ಕೊಡಬೇಕೆಂಬ ಛಲವೂ ಯುವಕರಲ್ಲಿತ್ತು.

ನಮ್ಮ ಊರುಗಳಲ್ಲಿ ಗರಡಿಮನೆಗಳು ಮೊದಲೇ ಇದ್ದವು. ಕೆಮ್ಮಣ್ಣಿನ ಅಖಾಡ, ದಂಡ, ಬಸ್ಕಿ, ಗದೆ, ಕುಸ್ತಿ ಇವೆಲ್ಲ ಹೊಸದಲ್ಲ. ಅಂದರೆ ಹಿಂದಿನವರು ವ್ಯಾಯಾಮ ಮಾಡುತ್ತಿರಲಿಲ್ಲ ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ. ಆದರೆ ಗರಡಿ ಬಹುಮಟ್ಟಿಗೆ ಪೈಲ್ವಾನರ ಜಾಗ. ಕಚೇರಿಯ ಗುಮಾಸ್ತ, ಕಾಲೇಜು ಹುಡುಗ, ಪುಸ್ತಕ ಹಿಡಿದು ಕೂತವರು ಅತ್ತ ಸುಳಿಯುತ್ತಿದ್ದುದು ಕಡಿಮೆ.

ಅಯ್ಯರ್ ಬಾಗಿಲು ತೆರೆದದ್ದು ಇಂಥವರಿಗೆ. 1920ರ ದಶಕದಲ್ಲಿ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಸಿಯಂ ನಡೆಸತೊಡಗಿದರು. ಸ್ಯಾಂಡೋ ಮೊದಲಾದವರ ಭಾರ ಎತ್ತುವ ಪದ್ಧತಿಯನ್ನೂ ನಮ್ಮ ಆಸನಗಳನ್ನೂ ಒಟ್ಟಿಗೆ ಕಲಿಸಿದ್ದು ಅವರ ವಿಶೇಷ. ಭಾರ ಎತ್ತಿದರೆ ಸ್ನಾಯು ಬಲಿಯುತ್ತದೆ, ಆಸನ ಮಾಡಿದರೆ ಮೈ ಬಾಗುತ್ತದೆ, ಎರಡೂ ಬೇಕು ಎಂಬುದು ಅವರ ನಿಲುವು. ಯೋಗಾಚಾರ್ಯ ಸುಂದರಂ ಅವರ ಜತೆ ಸೇರಿ ಊರೂರಿನಲ್ಲಿ ಭಾಷಣ ಮತ್ತು ಪ್ರಾತ್ಯಕ್ಷಿಕೆಗಳನ್ನೂ ಕೊಟ್ಟರು. ಯೋಗ ಬೇಕೋ ಜಿಮ್ ಬೇಕೋ ಎಂದು ಇವತ್ತು ಫೇಸ್‌ಬುಕ್ಕಿನಲ್ಲಿ ಜಗಳವಾಡುವವರು ತಿಳಿಯಬೇಕಾದ್ದು ಇಷ್ಟೇ: ಬೆಂಗಳೂರಿನಲ್ಲಿ ಈ ಎರಡೂ ಒಂದೇ ಸೂರಿನಡಿ ಬೆಳೆದವು. ಇಂದಿನ ವೈದ್ಯಕೀಯ ಸಲಹೆಯೂ ಅದನ್ನೇ ಹೇಳುತ್ತದೆ. ಉಸಿರು ಏರಿಸುವ ಚಟುವಟಿಕೆ, ಸ್ನಾಯುಬಲದ ವ್ಯಾಯಾಮ, ಸಮತೋಲನ ಇವು ಒಂದಕ್ಕೊಂದು ಬದಲಿ ಅಲ್ಲ.

ಸೂಜಿಯೂ ಇಲ್ಲ, ಡಬ್ಬಿಯೂ ಇಲ್ಲ

ಅಯ್ಯರ್ ಅವರ ಭಾವಚಿತ್ರಗಳು ವಿದೇಶದ ವ್ಯಾಯಾಮ ಪತ್ರಿಕೆಗಳಲ್ಲೂ ಅಚ್ಚಾದವು. 1930ರಲ್ಲಿ ‘ಮಸಲ್ ಕಲ್ಟ್’, 1936ರಲ್ಲಿ ‘ಪರ್ಫೆಕ್ಟ್ ಫಿಸೀಕ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಬರೆದರು. ಕಲ್ಲಿನಲ್ಲಿ ಕಡೆದಂತಿರುವ ಆ ಮೈಕಟ್ಟಿನ ಹಳೆಯ ಚಿತ್ರಗಳನ್ನು ಇಂದಿನ ಹುಡುಗರಿಗೆ ತೋರಿಸಬೇಕು. ಅದಕ್ಕೊಂದು ಕಾರಣವಿದೆ.

ಪುರುಷ ಹಾರ್ಮೋನಾದ ಟೆಸ್ಟೋಸ್ಟಿರೋನ್ ಅನ್ನು ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದ್ದು 1935ರಲ್ಲಿ. ಸ್ನಾಯು ಉಬ್ಬಿಸುವ ಸ್ಟೆರಾಯ್ಡ್‌ಗಳು ಕ್ರೀಡಾಪಟುಗಳ ಕೈಗೆ ಬಂದದ್ದು ಅದೂ ಆದ ಮೇಲೆ, 1950ರ ದಶಕದಲ್ಲಿ. 1930ರ ಪುಸ್ತಕದಲ್ಲಿ ಕಾಣುವ ಅಯ್ಯರ್ ಅವರ ಮೈ ಅಂಥ ಔಷಧಿಗಳು ಹುಟ್ಟುವ ಮೊದಲಿನದು. ಇಂದು ಮೂರು ತಿಂಗಳಲ್ಲಿ ಸಿಕ್ಸ್ ಪ್ಯಾಕ್ ಎಂದು ಆಸೆ ತೋರಿಸಿ ಸೂಜಿ ಚುಚ್ಚುವವರು, ಹೆಸರಿಲ್ಲದ ಪುಡಿ ಮಾರುವವರು ಸಣ್ಣ ಊರುಗಳಲ್ಲೂ ಇದ್ದಾರೆ. ಸ್ಟೆರಾಯ್ಡ್‌ಗಳಿಂದ ಹೃದಯ, ಯಕೃತ್ತು ಕೆಡಬಹುದು, ಬಂಜೆತನವೂ ಬರಬಹುದು. ಹದಿಹರೆಯದಲ್ಲಿ ತೆಗೆದುಕೊಂಡರೆ ಎತ್ತರ ಬೆಳೆಯುವುದು ನಿಂತುಹೋಗಬಹುದು. ಪ್ರೋಟೀನ್ ಪುಡಿ ಸ್ಟೆರಾಯ್ಡ್ ಅಲ್ಲ. ಆದರೆ ಬೇಳೆ, ಕಾಳು, ಹಾಲು, ಮೊಟ್ಟೆ ಸಾಕಷ್ಟು ಇರುವ ಮನೆಯಲ್ಲಿ ಹೆಚ್ಚಿನವರಿಗೆ ಅದರ ಅಗತ್ಯವೂ ಇಲ್ಲ.

ಒಂದು ಎಚ್ಚರಿಕೆ. ಹಳೆಯ ಚಿತ್ರವೇ ಇರಲಿ, ಇಂದಿನ ರೀಲ್ಸ್ ಇರಲಿ, ಬೆಳಕು ಮತ್ತು ಭಂಗಿ ಮೈಯನ್ನು ಇದ್ದುದಕ್ಕಿಂತ ಚೆಂದ ಮಾಡುತ್ತವೆ. ಎಲ್ಲರ ಮೈಕಟ್ಟೂ ಹಾಗೆ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬಾರದಿದ್ದರೆ, ನೀರಿನ ಕೊಡ ಎತ್ತಿದರೆ ಸೊಂಟ ಹಿಡಿಯದಿದ್ದರೆ ಮನೆಮಂದಿಗೆ ಅದೇ ದೊಡ್ಡ ಲಾಭ.

ಅಂಚೆಯಲ್ಲಿ ಬಂದ ವ್ಯಾಯಾಮ

ಅಯ್ಯರ್ ಮಾಡಿದ ಇನ್ನೊಂದು ಕೆಲಸ ಇವತ್ತಿನ ಮೊಬೈಲ್ ವಿಡಿಯೊಗಳ ಅಜ್ಜ ಎನ್ನಬಹುದು. ಬೆಂಗಳೂರಿಗೆ ಬರಲಾಗದವರಿಗೆ ಅವರು ಅಂಚೆ ಮೂಲಕ ವ್ಯಾಯಾಮ ಕಲಿಸಿದರು. ಪಾಠ ಲಕೋಟೆಯಲ್ಲಿ ಹೋಗುತ್ತಿತ್ತು, ಕಲಿಯುವವರು ತಮ್ಮ ಮನೆಯಲ್ಲೇ ಅಭ್ಯಾಸ ಮಾಡಬಹುದಿತ್ತು.

ಇಲ್ಲೇ ಎರಡನೆಯ ತಪ್ಪು ನಂಬಿಕೆ ಬಿದ್ದುಹೋಗುತ್ತದೆ. ವ್ಯಾಯಾಮಕ್ಕೆ ಜಾಗ ಬೇಕು, ಸಾಮಾನು ಬೇಕು, ಫೀಸು ಬೇಕು ಎನ್ನುವುದು ಆ ನಂಬಿಕೆ. ಗಣಿಯ ಲೈನ್ ಮನೆಗಳನ್ನು ನೋಡಿದವರಿಗೆ ಗೊತ್ತು, ಚಾಪೆ ಹಾಸುವಷ್ಟೇ ಜಾಗ. ಆದರೆ ಬಸ್ಕಿ ಹೊಡೆಯಲು, ಗೋಡೆಗೆ ಕೈಕೊಟ್ಟು ದಂಡ ಮಾಡಲು, ಸೂರ್ಯನಮಸ್ಕಾರಕ್ಕೆ ಅಷ್ಟು ಜಾಗವೇ ಸಾಕು. ಸೈನೈಡ್ ದಿಬ್ಬಗಳ ಕಡೆಯಿಂದ ಗಾಳಿಗೆ ದೂಳು ಏಳುವ ದಿನ ಹೊರಗೆ ಓಡುವುದಕ್ಕಿಂತ ಒಳಗೇ ವ್ಯಾಯಾಮ ಮಾಡುವುದು ಒಳ್ಳೆಯದು ಕೂಡ.

ಸೂರ್ಯನಮಸ್ಕಾರ: ರಾಜಮನೆಯಿಂದ ನಮ್ಮ ಮನೆಗೆ

1937ರಲ್ಲಿ ಅಯ್ಯರ್ ಸೂರ್ಯನಮಸ್ಕಾರದ ಬಗ್ಗೆಯೇ ಒಂದು ಪುಸ್ತಕ ಬರೆದರು. ಈಗ ಶಾಲೆಗಳಲ್ಲಿ ಮಾಡಿಸುವ ಈ ಸಾಧನೆ ಸಾವಿರಾರು ವರ್ಷಗಳಿಂದ ಹೀಗೆಯೇ ನಡೆದುಬಂದಿದೆ ಎಂಬ ಸಂದೇಶಗಳು ಯೋಗ ದಿನದ ಸುಮಾರಿಗೆ ಹರಿದಾಡುತ್ತವೆ. ಸೂರ್ಯನನ್ನು ಪೂಜಿಸಿ ನಮಸ್ಕರಿಸುವುದು ಬಹಳ ಹಳೆಯದು, ಅದು ನಿಜ. ಆದರೆ ಅದನ್ನು ಎಣಿಕೆಯ ಮೈ ವ್ಯಾಯಾಮವಾಗಿ ದೇಶದ ತುಂಬ ಹರಡಿದ್ದು 20ನೇ ಶತಮಾನದಲ್ಲಿ. ಅದರಲ್ಲಿ ಮುಖ್ಯ ಪಾತ್ರ ಇಂದಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದ ರಾಜನದು.

ಆ ರಾಜ ಭವಾನರಾವ್ ಪಂತ ಪ್ರತಿನಿಧಿ. ಅವರು ತಾವು ಮಾಡಿದ್ದಷ್ಟೇ ಅಲ್ಲ, ರಾಣಿಗೂ ಮಕ್ಕಳಿಗೂ ಅಭ್ಯಾಸ ಮಾಡಿಸಿದರು. ಸಂಸ್ಥಾನದ ಶಾಲೆಗಳಲ್ಲೂ ಜಾರಿಗೆ ತಂದರು. ಹೆಣ್ಣುಮಕ್ಕಳಿಗೆ ವ್ಯಾಯಾಮ ಹೊಂದುವುದಿಲ್ಲ ಎಂದು ಬಹಳ ಜನ ನಂಬಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಬೆಂಗಳೂರಿನಲ್ಲಿ ಅಯ್ಯರ್, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಶಿಷ್ಯ ಅನಂತರಾವ್ ಈ ಸಾಧನೆಯನ್ನು ಕಲಿಸಿದರು. ಅದೇ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ ಅವರ ಯೋಗಶಾಲೆಯೂ ನಡೆಯುತ್ತಿತ್ತು.

ಹಾಗೆಂದು ಸೂರ್ಯನಮಸ್ಕಾರ ಎಲ್ಲ ಕಾಯಿಲೆಗೂ ಮದ್ದಲ್ಲ. ಆ ಕಾಲದ ವ್ಯಾಯಾಮ ಪುಸ್ತಕಗಳಲ್ಲಿ ಮಲಬದ್ಧತೆಯಿಂದ ಹಿಡಿದು ನರದೌರ್ಬಲ್ಯದವರೆಗೆ ಎಲ್ಲವನ್ನೂ ವಾಸಿ ಮಾಡುತ್ತೇವೆ ಎಂಬ ಧಾಟಿ ಸಾಮಾನ್ಯವಾಗಿತ್ತು. ಅದನ್ನೆಲ್ಲ ಇಂದು ಹಾಗೇ ಒಪ್ಪಬೇಕಿಲ್ಲ. ಇದು ಒಳ್ಳೆಯ ವ್ಯಾಯಾಮ, ಅಷ್ಟು ಸಾಕು. ಬಿಪಿ ಹತೋಟಿಯಲ್ಲಿ ಇಲ್ಲದವರು, ಬೆನ್ನುಮೂಳೆಯ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಜೆ.ಸಿ. ರಸ್ತೆಯ ವ್ಯಾಯಾಮಶಾಲೆ

1940ರಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಯ್ಯರ್ ಅವರ ವ್ಯಾಯಾಮಶಾಲೆ ಸ್ವಂತ ಕಟ್ಟಡದಲ್ಲಿ ಬಾಗಿಲು ತೆರೆಯಿತು. ಮೈಸೂರು ಮಹಾರಾಜರ ನೆರವೂ ಅದಕ್ಕೆ ಸಿಕ್ಕಿತ್ತು. ಅಲ್ಲಿ ಕಬ್ಬಿಣದ ಸದ್ದಿನ ಜತೆಗೆ ಸಾಹಿತ್ಯ, ನಾಟಕದ ಮಾತೂ ಕೇಳಿಬರುತ್ತಿತ್ತು. ನಾಟಕಕಾರ ಟಿ.ಪಿ. ಕೈಲಾಸಂ ಅಯ್ಯರ್ ಅವರ ಆಪ್ತ ಗೆಳೆಯ. ಅವರ ನೆನಪುಗಳನ್ನು ಅಯ್ಯರ್ ಮುಂದೆ ಪುಸ್ತಕವಾಗಿ ಬರೆದರು. ಅಯ್ಯರ್ ಅವರ ಬಳಗದಿಂದಲೇ ರವಿ ಕಲಾವಿದರು ಎಂಬ ನಾಟಕ ತಂಡವೂ ಬೆಳೆಯಿತು.

ಮೈ ಬೆಳೆಸುವವರಿಗೆ ಬುದ್ಧಿ ಕಡಿಮೆ ಎಂಬ ತಮಾಷೆಗೆ ಅಯ್ಯರ್ ಅವರ ಬದುಕೇ ಉತ್ತರ. ಹೊಯ್ಸಳ ರಾಣಿಯನ್ನು ಕುರಿತ ‘ಶಾಂತಲಾ’ ಇಂದಿಗೂ ಓದುಗರನ್ನು ಪಡೆಯುತ್ತಿದೆ. ‘ರೂಪದರ್ಶಿ’ ಕಾದಂಬರಿಯಲ್ಲಿ ಒಬ್ಬ ಚಿತ್ರಕಾರ ಬಾಲಯೇಸುವಿನ ಚಿತ್ರಕ್ಕೆ ಮುದ್ದುಮುಖದ ಒಂದು ಮಗುವನ್ನು ಆರಿಸುತ್ತಾನೆ. ವರ್ಷಗಳಾದ ಮೇಲೆ ದ್ರೋಹಿ ಜೂದಾಸನ ಚಿತ್ರಕ್ಕೆ ಹುಡುಕಿದಾಗ ಸಿಗುವವನೂ ಅವನೇ. ಇಂಥದ್ದೇ ಕಥೆ ಲಿಯೊನಾರ್ಡೊ ಡಾ ವಿಂಚಿಯ ಹೆಸರಿನಲ್ಲಿ ನಿಜ ಘಟನೆಯೆಂದು ವಾಟ್ಸಾಪಿನಲ್ಲಿ ಓಡಾಡುತ್ತದೆ. ಅದಕ್ಕೆ ಇತಿಹಾಸದ ಆಧಾರವಿಲ್ಲ. ಅಯ್ಯರ್ ಅದನ್ನು ಕಾದಂಬರಿಯಾಗಿ ಬರೆದರು, ನಾವು ಸುದ್ದಿಯಾಗಿ ಹಂಚುತ್ತಿದ್ದೇವೆ.

ಎಂಬತ್ತು ದಾಟಿದರು, ಆದರೆ ಅದೇ ಪುರಾವೆಯೇ?

ಅಯ್ಯರ್ 1980ರಲ್ಲಿ ತೀರಿಕೊಂಡರು. ಆಗ ಅವರಿಗೆ 80 ದಾಟಿತ್ತು. ವ್ಯಾಯಾಮ ಮಾಡಿದ್ದಕ್ಕೇ ಅಷ್ಟು ವರ್ಷ ಬದುಕಿದರು ಎಂದು ಬರೆದರೆ ಈ ಲೇಖನ ಇನ್ನೂ ಚೆನ್ನಾಗಿ ಓಡುತ್ತದೆ. ಆದರೆ ಒಬ್ಬರ ಬದುಕಿನಿಂದ ಹಾಗೆ ಹೇಳಲಾಗದು. ವ್ಯಾಯಾಮ ಮಾಡದೆಯೂ 90 ಮುಟ್ಟಿದವರಿದ್ದಾರೆ, ದಿನವೂ ಮಾಡಿದವರು ಬೇಗ ಹೋದದ್ದೂ ಇದೆ.

2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡಾಗ ಇದರ ಇನ್ನೊಂದು ಮಗ್ಗುಲು ಕಂಡಿತು. ಜಿಮ್‌ಗೆ ಹೋದರೆ ಹೃದಯಾಘಾತ ಖಂಡಿತ ಎಂಬ ಸಂದೇಶಗಳು ಮನೆ ಮನೆಗೂ ಹೋದವು. ಅಪ್ಪ ಅಮ್ಮಂದಿರು ಮಕ್ಕಳ ಜಿಮ್ ಬಿಡಿಸಿದರು. ಒಂದು ಸಾವಿನಿಂದ ವ್ಯಾಯಾಮವನ್ನು ದೂರುವುದು, ಒಂದು ದೀರ್ಘಾಯಸ್ಸಿನಿಂದ ಅದನ್ನು ಹೊಗಳುವುದು, ಎರಡೂ ಒಂದೇ ತಪ್ಪು.

ಲಕ್ಷಾಂತರ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳು ಹೇಳುವುದು ಇದು: ನಿಯಮಿತವಾಗಿ ಮೈ ಆಡಿಸುವವರಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು ಮತ್ತು ಕೆಲವು ಕ್ಯಾನ್ಸರ್‌ಗಳ ಅಪಾಯ ಕಡಿಮೆ. ಅಪಾಯ ಹೆಚ್ಚುವುದು ಎಂದೂ ಅಭ್ಯಾಸವಿಲ್ಲದವರು ಒಮ್ಮೆಲೇ ಮೈಮುರಿದು ದುಡಿದಾಗ. ಎದೆನೋವು, ತಲೆಸುತ್ತು, ಅಸಹಜ ಏದುಸಿರು ಬಂದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಗ್ಯಾಸ್ ಎಂದು ಸುಮ್ಮನೆ ಕೂರಬಾರದು.

ಮನೆಮಂದಿಗೆ ಎಷ್ಟು ಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಸಾಕಷ್ಟು ಚಟುವಟಿಕೆ ಮಾಡುತ್ತಿರಲಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಅದೇ ಸಂಸ್ಥೆಯ ಸಲಹೆ ಹೀಗಿದೆ.

ಮಕ್ಕಳಿಗೆ (5ರಿಂದ 17 ವರ್ಷ): ದಿನಕ್ಕೆ ಸರಾಸರಿ 60 ನಿಮಿಷ ಆಟ, ಓಟ. ಕುಂಟೆಬಿಲ್ಲೆ, ಕಬಡ್ಡಿ, ಸೈಕಲ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬಸ್ಕಿ, ದಂಡ ಹೊಡೆದರೆ ಮಕ್ಕಳು ಕುಳ್ಳಾಗುತ್ತಾರೆ ಎಂಬುದಕ್ಕೆ ಆಧಾರವಿಲ್ಲ. ಭಾರ ಎತ್ತುವುದಾದರೆ ಹಗುರದಿಂದ, ಬಲ್ಲವರ ಎದುರಿನಲ್ಲೇ ಇರಲಿ.

ದೊಡ್ಡವರಿಗೆ: ವಾರಕ್ಕೆ 150ರಿಂದ 300 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ವಾರಕ್ಕೆ ಎರಡು ದಿನ ಸ್ನಾಯುಬಲದ ವ್ಯಾಯಾಮ. ಬಿರುಸು ಎಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹೆಂಗಸರು ಭಾರ ಎತ್ತಿದರೆ ಗಂಡಸರಂತೆ ಉಬ್ಬುತ್ತಾರೆ ಎಂಬ ಭಯ ಬೇಡ. ಅವರಲ್ಲಿ ಟೆಸ್ಟೋಸ್ಟಿರೋನ್ ಬಹಳ ಕಡಿಮೆ. ಮೂಳೆ ಗಟ್ಟಿಯಾಗಲು ಈ ವ್ಯಾಯಾಮ ಅವರಿಗೆ ಬೇಕೇ ಬೇಕು.

ಹಿರಿಯರಿಗೆ (65 ದಾಟಿದವರು): ಇದೆಲ್ಲದರ ಜತೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸ. ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಕುರ್ಚಿಯಿಂದ ಕೈ ಊರದೆ ಏಳುವುದು ಸಾಕು. ಬೀಳುವ ಅಪಾಯ ಇದರಿಂದ ತಗ್ಗುತ್ತದೆ.

ಮನೆಗೆಲಸ ವ್ಯಾಯಾಮವೇ? ನೆಲ ಉಜ್ಜುವುದು, ನೀರು ಹೊರುವುದು ಉಸಿರು ಏರಿಸುವಷ್ಟಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಒಲೆ ಮುಂದೆ ನಿಂತೇ ಇರುವುದು ಬರುವುದಿಲ್ಲ. ಆದರೆ ಮನೆಗೆಲಸವೇ ನಿನಗೆ ವ್ಯಾಯಾಮ ಎಂದು ಹೇಳಿ ಮನೆಯಾಕೆಯನ್ನು ಒಳಗೆ ಬಿಟ್ಟು ಉಳಿದವರು ವಾಕಿಂಗ್ ಹೋಗುವುದು ನ್ಯಾಯವಲ್ಲ. ಕೆಲಸವನ್ನು ಹಂಚಿಕೊಂಡರೆ ಎಲ್ಲರ ಮೈಯೂ ಆಡುತ್ತದೆ, ಆಕೆಗೂ ಅರ್ಧ ಗಂಟೆ ಬಿಡುವು ಸಿಗುತ್ತದೆ.

ರೈಲಿನಲ್ಲಿ ಓಡಾಡುವವರು ಸ್ಟೇಷನ್ನಿಗೆ ಬೈಕ್ ಬದಲು ನಡೆದು ಹೋಗಬಹುದು, ಸೀಟು ಸಿಕ್ಕರೂ ಆಗಾಗ ಎದ್ದು ನಿಲ್ಲಬಹುದು. ಒಮ್ಮೆಗೆ ಹತ್ತು ನಿಮಿಷವಾದರೂ ಆಗಬೇಕು ಎಂಬ ಹಳೆಯ ನಿಯಮ ಈಗಿಲ್ಲ. ಎರಡು ನಿಮಿಷದ ಮೆಟ್ಟಿಲೂ ಲೆಕ್ಕಕ್ಕೆ ಸೇರುತ್ತದೆ. ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಹದಿನೈದು ನಿಮಿಷ ಬೀದಿಯಲ್ಲಿ ಸುತ್ತಿಬಂದರೆ ರಕ್ತದ ಸಕ್ಕರೆ ಏರುವುದೂ ತಗ್ಗುತ್ತದೆ, ಮೊಬೈಲೂ ಅಷ್ಟು ಹೊತ್ತು ಜೇಬಿನಲ್ಲಿರುತ್ತದೆ.

ಒಟ್ಟಿನಲ್ಲಿ

ಹಿಂದಿನವರು ವ್ಯಾಯಾಮ ಮಾಡುತ್ತಿರಲಿಲ್ಲ ಎಂಬುದು ಸುಳ್ಳು. ಜಿಮ್ ಮತ್ತು ಯೋಗ ಶತ್ರುಗಳು ಎಂಬುದೂ ಸುಳ್ಳು. ಸೂಜಿ, ಪುಡಿ ಇಲ್ಲದೆ ಮೈ ಗಟ್ಟಿಯಾಗುವುದಿಲ್ಲ ಎಂಬುದು ಮಾರುವವರ ಮಾತು. ಮುಳಬಾಗಿಲಿನ ಕಡೆಯ ಒಂದು ಹಳ್ಳಿಯಿಂದ ಹೊರಟ ಕೆ.ವಿ. ಅಯ್ಯರ್ ಇದನ್ನೆಲ್ಲ ಸುಮಾರು ನೂರು ವರ್ಷದ ಹಿಂದೆಯೇ ತಮ್ಮ ಮೈಯಲ್ಲೇ ತೋರಿಸಿದ್ದರು. ಅವರಿಂದ ನಾವು ಕಲಿಯಬೇಕಾದ್ದು ತೋಳಿನ ಸುತ್ತಳತೆಯನ್ನಲ್ಲ, ಬಿಡದೆ ಮಾಡುವ ಅಭ್ಯಾಸವನ್ನು.

ಇದನ್ನು ಮನೆಯ ಗುಂಪಿಗೆ ಕಳಿಸುವುದಾದರೆ ಕಳಿಸಿ. ಕಳಿಸಿದ ಮೇಲೆ ಫೋನ್ ಚಾರ್ಜಿಗೆ ಇಟ್ಟು, ಮನೆಯವರನ್ನೂ ಕರೆದುಕೊಂಡು ಒಂದು ಸುತ್ತು ನಡೆದು ಬನ್ನಿ.